ಕಿರಿದಾದ ಗಾಯ, ಹಿರಿದಾದ ಹೊಣೆ

ಉಣ್ಣುವ ಕ್ರಿಯೆ ನಮಗೆ ಎಷ್ಟು ಸಹಜವಾಗಿದೆಯೆಂದರೆ, ಬಾಯಿಗಿಟ್ಟ ತುತ್ತು ಹೊಟ್ಟೆಯನ್ನು ಹೇಗೆ ಸೇರುತ್ತದೆಂಬುದನ್ನು ನಾವು ಎಂದೂ ವಿಚಾರಿಸುವುದಿಲ್ಲ. ಪಂಕ್ತಿಯಲ್ಲಿ ಕುಳಿತು, ಇಷ್ಟಲಿಂಗಕ್ಕೆ ಅರ್ಪಿಸಿ, ಪ್ರಸಾದವೆಂದು ಸ್ವೀಕರಿಸಿದ ಪದಾರ್ಥವು ಗಂಟಲನ್ನು ದಾಟಿದೊಡನೆ ನಮ್ಮ ಪಾಲಿನ ಕೆಲಸ ಮುಗಿಯಿತೆಂದು ಭಾವಿಸುತ್ತೇವೆ. ಮುಂದಿನದನ್ನು ದೇಹವು ತಾನೇ ನೋಡಿಕೊಳ್ಳುತ್ತದೆ. ಆ ದಾರಿ ಮುಚ್ಚತೊಡಗಿದಾಗ ಮಾತ್ರ, ನುಂಗುವುದೂ ಒಂದು ಭಾಗ್ಯವೆಂಬುದು ಮನುಷ್ಯನಿಗೆ ತಿಳಿಯುತ್ತದೆ.

ಅಂತಹ ದಾರಿಯೊಂದು ನಮ್ಮ ಮನೆಯಲ್ಲಿಯೇ ಮುಚ್ಚಿಹೋದ ಸಂಗತಿಯನ್ನೂ, ಅದರಿಂದ ನನ್ನ ಮನಸ್ಸಿನಲ್ಲಿ ಎದ್ದ ಒಂದು ಪ್ರಶ್ನೆಯನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ಪ್ರಶ್ನೆ ಇಷ್ಟೇ: ವೈದ್ಯಶಾಸ್ತ್ರವು ಬೆಳೆದಂತೆ ಶಸ್ತ್ರಕ್ರಿಯೆಯ ಗಾಯವು ಕಿರಿದಾಗುತ್ತ ಬಂದಿದೆ. ಗಾಯವು ಕಿರಿದಾದಂತೆ, ರೋಗಿಗೆ ಸತ್ಯವನ್ನು ತಿಳಿಸಬೇಕಾದ ನಮ್ಮ ಹೊಣೆಯೂ ಕಿರಿದಾಗುವುದೇ? ಕಿರಿದಾಗುವುದೆಂದು ನಾನು ಒಮ್ಮೆ ನಂಬಿದ್ದೆ. ಆ ನಂಬಿಕೆಯ ಬೆಲೆಯನ್ನು ತೆತ್ತವನು ನಾನಲ್ಲ, ನನ್ನ ಕಾಕಾ.

ಮೊದಲು ವಿಷಯದ ಪರಿಚಯವು ಅವಶ್ಯ. ಗಂಟಲಿನಿಂದ ಜಠರದವರೆಗೆ ಇಳಿಯುವ ಸ್ನಾಯುವಿನ ಕೊಳವೆಗೆ ಅನ್ನನಾಳವೆಂದು ಹೆಸರು. ವಯಸ್ಕರಲ್ಲಿ ಅದರ ಉದ್ದ ಸುಮಾರು 25 ಸೆಂಟಿಮೀಟರು, ಅಂದರೆ ಒಂದು ಗೇಣಿಗಿಂತ ತುಸು ಹೆಚ್ಚು. ಈ ಗೇಣುದ್ದದ ನಾಳವು ಕೊರಳಿನಲ್ಲಿ ಆರಂಭವಾಗಿ, ಎದೆಗೂಡಿನೊಳಗೆ ಶ್ವಾಸನಾಳದ ಹಿಂದೆ, ಹೃದಯದ ಬೆನ್ನಿಗೆ, ಮಹಾಧಮನಿಯ ಮಗ್ಗುಲಿಗೆ ಹಾಯ್ದು, ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ವಪೆಯೆಂಬ ಪರದೆಯ ರಂಧ್ರವನ್ನು ದಾಟಿ ಜಠರವನ್ನು ಕೂಡುತ್ತದೆ. ಪ್ರಾಣಕ್ಕೆ ಆಧಾರವಾದ ಅಂಗಗಳ ನಡುವೆ ಅದು ಹೀಗೆ ಅಡಗಿರುವುದರಿಂದಲೇ ಶಸ್ತ್ರವೈದ್ಯರು ಅದನ್ನು ಮುಟ್ಟಲು ಬಹುಕಾಲ ಅಂಜಿದರು.

ಅದಕ್ಕೆ ಬರುವ ರೋಗಗಳಲ್ಲಿ ಮೂರು ಮುಖ್ಯವಾದವು. ಒಂದನೆಯದು, ವಪೆಯ ರಂಧ್ರವು ಸಡಿಲಾಗಿ ಜಠರದ ಹುಳಿರಸವು ಮೇಲಕ್ಕೆ ಉಕ್ಕುವುದು. ಎದೆಯುರಿ, ಹುಳಿತೇಗು ಎಂದು ನಾವು ಹೇಳುವುದು ಇದನ್ನೇ. ಇದು ಬಹುಮಟ್ಟಿಗೆ ಪಥ್ಯದಿಂದಲೂ ಔಷಧದಿಂದಲೂ ಹತೋಟಿಗೆ ಬರುತ್ತದೆ. ಎರಡನೆಯದು, ನಾಳದ ಕೆಳತುದಿಯ ಸ್ನಾಯುವು ತುತ್ತು ಬಂದಾಗ ಸಡಿಲುಗೊಳ್ಳದೆ ಬಿಗಿದುಕೊಂಡೇ ಇರುವುದು. ವೈದ್ಯರು ಇದನ್ನು ಅಕಲೇಸಿಯಾ ಎಂದು ಕರೆಯುತ್ತಾರೆ. ಇದರಲ್ಲಿ ಉಂಡ ಅನ್ನವು ಬಾಗಿಲು ತೆರೆಯದ ಮನೆಯ ಮುಂದೆ ನಿಂತ ಅತಿಥಿಯಂತೆ ಎದೆಯಲ್ಲಿಯೇ ನಿಲ್ಲುತ್ತದೆ. ಮೂರನೆಯದು ಕ್ಯಾನ್ಸರ್. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯು 1982ರಿಂದ ಇಟ್ಟುಕೊಂಡು ಬಂದಿರುವ ಕ್ಯಾನ್ಸರ್ ನೋಂದಣಿಯಲ್ಲಿ ಅನ್ನನಾಳದ ಕ್ಯಾನ್ಸರು ಮುಂಚೂಣಿಯ ರೋಗಗಳಲ್ಲಿ ಒಂದಾಗಿ ಕಾಣಿಸಿಕೊಂಡಿದೆ. ತಂಬಾಕು ಮತ್ತು ಮದ್ಯ ಅದರ ಮುಖ್ಯ ಕಾರಣಗಳು. ಕರ್ನಾಟಕದಲ್ಲಿ 2013ರಲ್ಲಿ ಗುಟಖಾ ನಿಷೇಧಿಸಲ್ಪಟ್ಟಿತು. ಆದರೆ ಅಂಗೈಯಲ್ಲಿ ಸುಣ್ಣ ಬೆರೆಸಿ ತಿಕ್ಕಿ ದವಡೆಯಲ್ಲಿಡುವ ತಂಬಾಕು ನಮ್ಮ ಮಗ್ಗದ ಮನೆಗಳಿಂದಲೂ ಕಬ್ಬಿನ ಗದ್ದೆಗಳಿಂದಲೂ ಇನ್ನೂ ಹೋಗಿಲ್ಲ.

ಈ ನಾಳದ ಚಿಕಿತ್ಸೆಯ ಇತಿಹಾಸವು ಮನುಷ್ಯನ ಧೈರ್ಯದ ಇತಿಹಾಸವೂ ಹೌದು, ಸೈರಣೆಯ ಇತಿಹಾಸವೂ ಹೌದು. 1868ರಲ್ಲಿ ಜರ್ಮನಿಯ ವೈದ್ಯರಾದ ಕುಸ್‌ಮೌಲರು, ಕತ್ತಿ ನುಂಗುವ ಆಟಗಾರನೊಬ್ಬನ ನೆರವು ಪಡೆದು, ನೆಟ್ಟನೆಯ ಕೊಳವೆಯೊಂದನ್ನು ಗಂಟಲಿನಿಂದ ಕೆಳಗಿಳಿಸಿ ಜಠರದ ಒಳಗನ್ನು ನೋಡಲು ಯತ್ನಿಸಿದರು. ಇಂದು ನಮ್ಮ ಸೀಮೆಯ ಜನರು ‘ದುರ್ಬೀನು ಹಾಕಿ ನೋಡುವುದು’ ಎಂದು ಕರೆಯುವ ಪರೀಕ್ಷೆಯ ಮೂಲವು ಆ ಆಟಗಾರನ ಗಂಟಲಿನಲ್ಲಿದೆ. 1913ರಲ್ಲಿ ನ್ಯೂಯಾರ್ಕಿನ ಫ್ರಾಂಜ್ ಟೋರೆಕ್ ಅವರು ಒಬ್ಬ ವೃದ್ಧೆಯ ಎದೆಯನ್ನು ತೆರೆದು ಕ್ಯಾನ್ಸರು ತಗುಲಿದ ಅನ್ನನಾಳವನ್ನು ತೆಗೆದರು. ಕೊರಳಿನ ರಂಧ್ರಕ್ಕೂ ಜಠರದ ರಂಧ್ರಕ್ಕೂ ಹೊರಗಿನಿಂದ ಒಂದು ರಬ್ಬರು ನಳಿಕೆಯನ್ನು ಜೋಡಿಸಿದರು. ಆ ತಾಯಿಯು ಎದೆಯ ಹೊರಗೆ ಹಾಯ್ದ ಆ ನಳಿಕೆಯ ಮೂಲಕ ಉಣ್ಣುತ್ತ ಹತ್ತು ವರ್ಷಗಳಿಗೂ ಮಿಕ್ಕಿ ಬದುಕಿದಳು. ಅದೇ 1913ರಲ್ಲಿ ಜರ್ಮನಿಯ ಅರ್ನ್ಸ್ಟ್ ಹೆಲ್ಲರ್ ಅವರು ಅಕಲೇಸಿಯಾದ ಬಿಗಿದ ಸ್ನಾಯುವನ್ನು ಸೀಳಿ ಬಿಡುವ ಕ್ರಮವನ್ನು ತೋರಿಸಿದರು. 1946ರಲ್ಲಿ ಲಂಡನ್ನಿನ ಐವರ್ ಲೂಯಿಸ್ ಅವರು ರೋಗಗ್ರಸ್ತವಾದ ನಾಳವನ್ನು ತೆಗೆದು, ಜಠರವನ್ನೇ ಎದೆಯೊಳಗೆ ಮೇಲಕ್ಕೆಳೆದು, ಉಳಿದ ನಾಳಕ್ಕೆ ಕೂಡಿಸುವ ವಿಧಾನವನ್ನು ವಿವರಿಸಿದರು. ಇಂದಿಗೂ ಮೂಲವಿಧಾನವು ಅದೇ.

ಆದರೆ ಆ ಕಾಲದ ಶಸ್ತ್ರಕ್ರಿಯೆಗೆ ಹೊಟ್ಟೆಯ ಮೇಲೊಂದು ಉದ್ದನೆಯ ಕೊಯ್ತ, ಪಕ್ಕೆಲುಬುಗಳ ನಡುವೆ ಇನ್ನೊಂದು ಕೊಯ್ತ ಬೇಕಾಗುತ್ತಿದ್ದವು. ಪಕ್ಕೆಲುಬುಗಳನ್ನು ಅಗಲಿಸಿ ಹಿಡಿಯಬೇಕಾಗುತ್ತಿತ್ತು. ಆ ನೋವಿನಿಂದ ರೋಗಿಯು ಆಳವಾಗಿ ಉಸಿರೆಳೆಯಲಾರದೆ, ಕೆಮ್ಮಿ ಕಫವನ್ನು ಹೊರಹಾಕಲಾರದೆ, ಅನೇಕ ವೇಳೆ ಫುಪ್ಪುಸದ ಸೋಂಕಿಗೆ ತುತ್ತಾಗುತ್ತಿದ್ದನು. ರೋಗದಿಂದ ಉಳಿದವನು ಗಾಯದಿಂದ ಅಳಿಯುವ ಪ್ರಸಂಗಗಳಿದ್ದವು.

ಈ ಸಂಕಟಕ್ಕೆ ಪರಿಹಾರವಾಗಿ ಬಂದುದು ಕಿರುಗಾಯದ ಶಸ್ತ್ರಕ್ರಿಯೆ. ಐದರಿಂದ ಹನ್ನೆರಡು ಮಿಲಿಮೀಟರಿನ ಕೆಲವು ರಂಧ್ರಗಳನ್ನು ಮಾಡಿ, ಒಂದರಿಂದ ಪುಟ್ಟ ಕ್ಯಾಮೆರಾವನ್ನೂ ಉಳಿದವುಗಳಿಂದ ನೀಳವಾದ ಉಪಕರಣಗಳನ್ನೂ ಒಳಗಿಳಿಸಿ, ಪರದೆಯ ಮೇಲೆ ನೋಡುತ್ತ ಕೆಲಸಮಾಡುವ ಪದ್ಧತಿ ಇದು. ಭಾರತದಲ್ಲಿ 1990ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹಮ್‌ಟನ್ ಉಡ್ವಾಡಿಯಾ ಅವರು ಈ ರೀತಿಯಿಂದ ಪಿತ್ತಕೋಶವನ್ನು ಮೊದಲ ಬಾರಿಗೆ ತೆಗೆದರು. ಬಡವರು ಬರುವ ಸರಕಾರಿ ಆಸ್ಪತ್ರೆಯಲ್ಲಿ ಅದು ಆರಂಭವಾಯಿತೆಂಬುದು ನೆನಪಿಡತಕ್ಕ ಸಂಗತಿ. ಮುಂದಿನ ಒಂದೆರಡು ವರ್ಷಗಳಲ್ಲಿ ಸ್ಕಾಟ್ಲೆಂಡಿನ ಡಂಡೀ ನಗರದ ಕುಶಿಯೆರಿ ಮತ್ತು ಅವರ ಸಂಗಡಿಗರು ಅನ್ನನಾಳದ ಶಸ್ತ್ರಕ್ರಿಯೆಗಳನ್ನೂ ಹೀಗೆ ಮಾಡಬಹುದೆಂದು ತೋರಿಸಿದರು. ನಮ್ಮ ನೆರೆಯ ಕೊಯಮತ್ತೂರಿನ ಡಾ. ಪಳನಿವೇಲು ಅವರು ರೋಗಿಯನ್ನು ಬೋರಲು ಮಲಗಿಸಿ ಎದೆಯ ಭಾಗದ ಕೆಲಸವನ್ನು ಮುಗಿಸುವ ಕ್ರಮವನ್ನು ರೂಢಿಸಿ, 130 ರೋಗಿಗಳ ಅನುಭವವನ್ನು 2006ರಲ್ಲಿ ಪ್ರಕಟಿಸಿದರು. ಜಗತ್ತಿನ ಶಸ್ತ್ರವೈದ್ಯರು ಅದನ್ನು ಆದರದಿಂದ ಓದಿದರು. 2008ರಲ್ಲಿ ಜಪಾನಿನ ಇನೋವೆ ಅವರು ಇನ್ನೂ ಮುಂದೆ ಹೋಗಿ, ಅಕಲೇಸಿಯಾದ ಬಿಗಿದ ಸ್ನಾಯುವನ್ನು ಬಾಯಿಯ ಮೂಲಕ ಇಳಿಸಿದ ದುರ್ಬೀನಿನಿಂದಲೇ ಸೀಳಿದರು. ಚರ್ಮದ ಮೇಲೆ ಒಂದು ಗೀರೂ ಇಲ್ಲ!

ಇದರ ಪ್ರಯೋಜನವು ಬರಿಯ ಮಾತಲ್ಲ. 2012ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನವೊಂದರಲ್ಲಿ 115 ರೋಗಿಗಳನ್ನು ಎರಡು ಗುಂಪು ಮಾಡಿ ಪರೀಕ್ಷಿಸಿದಾಗ, ಮೊದಲ ಎರಡು ವಾರಗಳಲ್ಲಿ ಫುಪ್ಪುಸದ ಸೋಂಕು ತೆರೆದ ಶಸ್ತ್ರಕ್ರಿಯೆಯವರಲ್ಲಿ ನೂರಕ್ಕೆ 29 ಮಂದಿಗೆ, ಕಿರುಗಾಯದವರಲ್ಲಿ ನೂರಕ್ಕೆ 9 ಮಂದಿಗೆ ಬಂದಿತು. 2019ರಲ್ಲಿ ಫ್ರಾನ್ಸಿನಿಂದ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಹೊಟ್ಟೆಯ ಭಾಗವನ್ನು ಮಾತ್ರ ಕಿರುಗಾಯದಿಂದ ಮಾಡಿದರೂ ದೊಡ್ಡ ತೊಡಕುಗಳು ನೂರಕ್ಕೆ 64ರಿಂದ 36ಕ್ಕೆ ಇಳಿದವು. ಹಿಂಸೆಯನ್ನು ಕಡಿಮೆ ಮಾಡುವುದು ಧರ್ಮವಾಗಿದ್ದರೆ ಇದು ಧರ್ಮಕಾರ್ಯವೇ ಸರಿ.

ಆದರೆ ಇಲ್ಲಿಯೇ ಒಂದು ಎಚ್ಚರಿಕೆ ಬೇಕು. ಕಿರಿದಾದದ್ದು ಒಳಗೆ ಹೋಗುವ ಬಾಗಿಲು, ಒಳಗಿನ ಕೆಲಸವಲ್ಲ. ಕ್ಯಾನ್ಸರಿನ ಶಸ್ತ್ರಕ್ರಿಯೆಯಲ್ಲಿ, ಬಾಗಿಲು ದೊಡ್ಡದಿರಲಿ ಚಿಕ್ಕದಿರಲಿ, ಅನ್ನನಾಳದ ಬಹುಭಾಗವು ಹೋಗುತ್ತದೆ. ಜಠರವನ್ನು ಕೊಳವೆಯಂತೆ ರೂಪಿಸಿ ಎದೆಗೋ ಕೊರಳಿಗೋ ಏರಿಸಲಾಗುತ್ತದೆ. ಆ ಕೂಡುಗೆಯು ಸೋರಿದರೆ ಪ್ರಾಣಕ್ಕೇ ಅಪಾಯ. ಗುಣವಾದ ಮೇಲೆಯೂ ರೋಗಿಯು ಮೊದಲಿನಂತೆ ಉಣ್ಣಲಾರನು. ದಿನಕ್ಕೆ ಐದಾರು ಬಾರಿ ಸ್ವಲ್ಪಸ್ವಲ್ಪ ಉಣ್ಣಬೇಕು. ತಲೆ ಎತ್ತರಿಸಿಕೊಂಡು ಮಲಗಬೇಕು. ಅಷ್ಟೇ ಅಲ್ಲ, 2012ರ ಆ ಅಧ್ಯಯನದ ರೋಗಿಗಳನ್ನು ಮೂರು ವರ್ಷ ಅನುಸರಿಸಿ ನೋಡಿದಾಗ, ಬದುಕಿ ಉಳಿದವರ ಪ್ರಮಾಣದಲ್ಲಿ ಎರಡು ಗುಂಪುಗಳಿಗೆ ಗಮನಾರ್ಹವಾದ ಅಂತರವು ಕಾಣಲಿಲ್ಲ. ಕಿರುಗಾಯವು ನೋವನ್ನೂ ತೊಡಕನ್ನೂ ತಗ್ಗಿಸುತ್ತದೆ. ರೋಗದ ಗುರುತ್ವವನ್ನು ತಗ್ಗಿಸುವುದಿಲ್ಲ. ಈ ಭೇದವನ್ನು ಮರೆತದ್ದೇ ನನ್ನ ತಪ್ಪಿಗೆ ಮೂಲವಾಯಿತು.

ಈಗ ನಮ್ಮ ಸೀಮೆಯ ಮಾತು. ಕೃಷ್ಣೆ ಘಟಪ್ರಭೆಯರ ನಡುವಿನ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಜನರಿಗೆ ಒಂದು ಕಾಲದಲ್ಲಿ ದೊಡ್ಡ ಬೇನೆಯೆಂದರೆ ಮಿರಜದ ದಾರಿ. 1894ರಲ್ಲಿ ಡಾ. ವಾನ್ಲೆಸ್ ಅವರು ಅಲ್ಲಿ ಸ್ಥಾಪಿಸಿದ ಮಿಶನ್ ಆಸ್ಪತ್ರೆಗೆ ನಮ್ಮ ಹಿರಿಯರು ಹೋಗುತ್ತಿದ್ದರು. ಅನಂತರ ಬೆಳಗಾವಿಯಲ್ಲಿ 1963ರಲ್ಲಿ, ವಿಜಾಪುರದಲ್ಲಿ 1986ರಲ್ಲಿ, ಬಾಗಲಕೋಟೆಯಲ್ಲಿ 2002ರಲ್ಲಿ ವೈದ್ಯಕೀಯ ಮಹಾವಿದ್ಯಾಲಯಗಳು ಆರಂಭವಾದವು. ಮೂರನ್ನೂ ಕಟ್ಟಿದವು ನಮ್ಮ ಸಮಾಜದ ವಿದ್ಯಾಸಂಸ್ಥೆಗಳು. 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಕುಮಾರೇಶ್ವರರ ಹೆಸರನ್ನು ಬಾಗಲಕೋಟೆಯ ಆಸ್ಪತ್ರೆಯು ಹೊತ್ತಿದೆ. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರಿಗೆಂದೇ ಆಸ್ಪತ್ರೆಯಿದೆ. 2018ರಿಂದ ಆಯುಷ್ಮಾನ್ ಭಾರತ - ಆರೋಗ್ಯ ಕರ್ನಾಟಕ ಯೋಜನೆಯಡಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ನೆರವು ದೊರೆಯುತ್ತದೆ. ಹೊಲವನ್ನೋ ಮಗ್ಗವನ್ನೋ ಮಾರದ ಹೊರತು ಶಸ್ತ್ರಕ್ರಿಯೆಯಿಲ್ಲವೆಂಬ ಸ್ಥಿತಿ ಬಹುಮಟ್ಟಿಗೆ ಹೋಗಿದೆ. ದೂರದ ಅಡ್ಡಿ ಕಡಿಮೆಯಾಯಿತು, ಹಣದ ಅಡ್ಡಿ ಕಡಿಮೆಯಾಯಿತು. ಉಳಿದಿರುವುದು ನಾವೇ ಒಡ್ಡುವ ಅಡ್ಡಿ.

ನನ್ನ ಕಾಕಾ ಬನಹಟ್ಟಿಯಲ್ಲಿ ನೇಕಾರರು. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ನೇಯ್ದವರು, ಮುಂದೆ ವಿದ್ಯುತ್ ಮಗ್ಗವನ್ನು ನಡೆಸಿದವರು. ತಂದೆಯಿಲ್ಲದ ನನ್ನನ್ನು ಮಠದ ಪ್ರಸಾದನಿಲಯಕ್ಕೆ ಕೈಹಿಡಿದು ಕರೆತಂದು ಬಿಟ್ಟವರು ಅವರೇ. ನಾನು ಕಲಿತು ಶಿಕ್ಷಕನಾದೆ; ಮನೆತನದಲ್ಲಿ ಇಂಗ್ಲೀಷು ಓದಬಲ್ಲವನು ಎನಿಸಿಕೊಂಡೆ. 2022ರ ಬೇಸಿಗೆಯಲ್ಲಿ ಕಾಕಾ ಪಂಕ್ತಿಯಿಂದ ಎಲ್ಲರಿಗಿಂತ ಮೊದಲು ಏಳತೊಡಗಿದರು. ಮೊದಲು ಕಟಕ್ ರೊಟ್ಟಿಯನ್ನು ಬಿಟ್ಟರು. ಮೆತ್ತನೆಯ ರೊಟ್ಟಿಯನ್ನು ಹಾಲಿನಲ್ಲಿ ನೆನೆಹಾಕಿದರು. ಆಮೇಲೆ ನುಚ್ಚು, ಆಮೇಲೆ ಅಂಬಲಿ. ಕೇಳಿದರೆ, “ಪಿತ್ತ ಆಗೈತಿ, ಬಿಡ್ರೋ” ಎನ್ನುತ್ತಿದ್ದರು. ಹೀಗೆ ನಾಲ್ಕು ತಿಂಗಳು ಕಳೆದವು. ದುರ್ಬೀನು ಹಾಕಿ ನೋಡಿದ ವರದಿಯು ಇಂಗ್ಲೀಷಿನಲ್ಲಿ ಬಂತು. ಅದನ್ನು ನನ್ನ ಕೈಗೆ ಕೊಟ್ಟರು. ಅದರಲ್ಲಿದ್ದ ಶಬ್ದವು ‘ಕಾರ್ಸಿನೋಮಾ’. ನಾನು ಕಾಕಾನಿಗೆ ಓದಿ ಹೇಳಿದ್ದು ‘ಅಲ್ಸರ್’.

ಅವರ ಮಕ್ಕಳು ಅಳುತ್ತ ನನ್ನನ್ನೇ ಕೇಳಿದರು. ಹೇಳುವುದು ಬೇಡವೆಂದು ನಾನೇ ಉಪದೇಶಿಸಿದೆ. ಔಷಧವೂ ವಿಕಿರಣವೂ ಸೇರಿ ಐದು ವಾರಗಳ ಚಿಕಿತ್ಸೆ ನಡೆಯಿತು. ಮುಂದೆ ಶಸ್ತ್ರಕ್ರಿಯೆಯ ಸಮಯ ಬಂದಾಗ ಶಸ್ತ್ರವೈದ್ಯರು ನಮ್ಮನ್ನು ಕೂಡ್ರಿಸಿಕೊಂಡು, ಕಾಗದದ ಮೇಲೆ ಚಿತ್ರ ಬರೆದು, ಏನನ್ನು ತೆಗೆಯುವರು, ಏನನ್ನು ಎಲ್ಲಿಗೆ ಏರಿಸುವರು, ಮುಂದಿನ ಜೀವನ ಹೇಗಿರುವುದು ಎಂಬುದನ್ನೆಲ್ಲ ತಿಳಿಸಿದರು. “ಇದನ್ನೆಲ್ಲ ಹಿರಿಯರಿಗೆ ಹೇಳಬೇಕು, ದೇಹ ಅವರದು. ನಾನು ಹೇಳಲೋ, ನೀವು ಹೇಳುವಿರೋ?” ಎಂದು ಕೇಳಿದರು. ನಾನು ಹೇಳುವೆನೆಂದು ಒಪ್ಪಿಕೊಂಡೆ. ರಾತ್ರಿ ಮಂಚದ ಬಳಿ ಕುಳಿತು ನಾನು ಹೇಳಿದ್ದು ಇಷ್ಟು: “ದುರ್ಬೀನದಿಂದ ಮಾಡ್ತಾರ ಕಾಕಾ. ಏಳೆಂಟು ಸಣ್ಣ ತೂತು, ಅಷ್ಟ.”

ಬೆಳಿಗ್ಗೆ ವೈದ್ಯರು ಬಂದು, “ಎಲ್ಲ ತಿಳಿಯಿತೇ ಅಜ್ಜಾರ?” ಎಂದು ಕೇಳಿದಾಗ ಕಾಕಾ, “ನಮ್ಮ ಹುಡುಗ ಎಲ್ಲಾ ಹೇಳ್ಯಾನ್ರಿ” ಎಂದು ಸಹಿ ಹಾಕಿದರು. ಶಸ್ತ್ರಕ್ರಿಯೆಯ ಕೋಣೆಗೆ ಒಯ್ಯುವಾಗ ದಾದಿಯು ಅವರ ಕೊರಳ ಶಿವದಾರವನ್ನು ಕಂಡು, ಎದೆಯ ಮೇಲೆ ಇರಿಸಲಾಗದು, ಏನು ಮಾಡಲಿ ಎಂದು ವಿನಯದಿಂದ ಕೇಳಿದಳು. ಲಿಂಗವನ್ನು ಅಂಗದಿಂದ ಅಗಲಿಸಲು ಒಪ್ಪೆನೆಂದು ಅವರು ಹೇಳಿದರು. ಅವಳು ಅದನ್ನು ಶುಭ್ರವಾದ ಬಟ್ಟೆಯಲ್ಲಿ ಸುತ್ತಿ ಅವರ ತೋಳಿಗೆ ಕಟ್ಟಿದಳು.

ಶಸ್ತ್ರಕ್ರಿಯೆ ಸುಸೂತ್ರವಾಯಿತು. ಹದಿನೈದು ದಿನಗಳೊಳಗೆ ಮನೆಗೆ ಬಂದರು. ಗಾಯಗಳು ಎಷ್ಟು ಚಿಕ್ಕವೆಂದರೆ, ಕಾಣಲು ಬಂದವರು “ಆಪರೇಶನ್ ಆಗೇದಂತ ಅನಸೂದೇ ಇಲ್ಲ” ಎಂದು ಬೆರಗಾದರು. ಆದರೆ ಕಾಕಾನ ಮುಖದಲ್ಲಿ ದಿಗಿಲಿತ್ತು. ನಾಲ್ಕು ಚಮಚ ಉಣ್ಣುವಷ್ಟರಲ್ಲಿ ಎದೆ ತುಂಬಿ ಬರುತ್ತಿತ್ತು. ಹುಗ್ಗಿಯನ್ನು ಉಂಡರೆ ಮೈಬೆವರಿ ಎದೆ ಡವಗುಟ್ಟುತ್ತಿತ್ತು. ಮಟ್ಟಸವಾಗಿ ಮಲಗಿದರೆ ಹುಳಿನೀರು ಬಾಯಿಗೆ ಬರುತ್ತಿತ್ತು. ಸಣ್ಣ ತೂತುಗಳಿಂದ ಇಷ್ಟೆಲ್ಲ ಆಗಲಾರದು. ಆದುದರಿಂದ ತಮಗೆ ಹೊಸ ರೋಗವೊಂದು ಅಂಟಿಕೊಂಡಿದೆ, ಅದನ್ನು ಎಲ್ಲರೂ ಮುಚ್ಚಿಡುತ್ತಿದ್ದಾರೆ ಎಂದು ಅವರು ತಿಳಿದರು. ಒಂದು ತಿಂಗಳಿನ ಮೇಲೆ ಮರುಪರೀಕ್ಷೆಗೆ ಹೋದಾಗ ವೈದ್ಯರು ಎದೆಯ ಚಿತ್ರವನ್ನು ತೋರಿಸಿ ಮಾತಾಡಿದರು. ಹಿಂದಿರುಗುವ ದಾರಿಯಲ್ಲಿ ಕಾಕಾ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಕೇಳಿದರು:

“ನನ್ನ ಹೊಟ್ಟಿ ಎದಿಯಾಗ ಐತಂತ. ನಿನಗ ಗೊತ್ತಿತ್ತೇನೋ ತಮ್ಮಾ?”

“ಗೊತ್ತಿತ್ತು ಕಾಕಾ.”

“ಲಿಂಗ ಎಲ್ಲಿ ಕಟ್ಟಲಿ ಅಂತ ಆ ಹುಡುಗಿ ನನ್ನ ಕೇಳಿದಳು. ಹೊಟ್ಟಿ ಎಲ್ಲಿ ಇಡೋಣು ಅಂತ ನೀವು ಯಾರೂ ಕೇಳಲಿಲ್ಲ.”

ನಾನು ಕ್ಯಾನ್ಸರಿನ ಹೆಸರನ್ನೂ ಆಗಲೇ ಹೇಳಲು ಬಾಯಿ ತೆರೆದೆ. ಅವರು ಕೈಯೆತ್ತಿ ತಡೆದರು. “ಅದು ಮೊದಲನೇ ದಿನಾನ ಗೊತ್ತಾಗೇತಿ. ದವಾಖಾನಿ ಫಲಕ ಕನ್ನಡದಾಗೂ ಬರದಾರಲ್ಲೋ. ನಿಮಗ ತ್ರಾಸ ಆಗಬಾರದಂತ ನಾನೂ ಸುಮ್ಮನಿದ್ದೆ” ಎಂದರು. ನಾನು ಅಳುತ್ತ, ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಬೇಕೆಂದು ಬೇಡಿಕೊಂಡೆ. ಕಾಕಾ ನಕ್ಕರು. “ಹಾಕ್ಕೊಂತೀನಿ. ಆದರ ಈಗ ಹೊಟ್ಟಿ ಸಣ್ಣದಾಗೇತಿ, ಇನ್ನ ಮ್ಯಾಲ ತಪ್ಪು ಸಣ್ಣು ಸಣ್ಣು ಮಾಡ್ರಿ.”

ವಾಚಕರೇ, ನಾನು ಮಾಡಿದ್ದನ್ನು ಅಂದು ನಾನು ಪ್ರೀತಿಯೆಂದೇ ತಿಳಿದಿದ್ದೆ. ಅದರ ಪಕ್ಷದಲ್ಲಿ ಹೇಳಬಹುದಾದ ಮಾತುಗಳನ್ನು ಪ್ರಾಮಾಣಿಕವಾಗಿ ಪರಿಶೀಲಿಸಬೇಕು.

ಮೊದಲನೆಯ ಮಾತು: ಕೆಟ್ಟ ಸುದ್ದಿಯು ರೋಗಿಯ ಧೈರ್ಯವನ್ನು ಕುಂದಿಸುತ್ತದೆ, ಧೈರ್ಯಗುಂದಿದವನು ಬೇಗ ಸೋಲುತ್ತಾನೆ. ಇದರಲ್ಲಿ ಸತ್ಯದ ಅಂಶವಿಲ್ಲದಿಲ್ಲ. ಆದರೆ ಮುಚ್ಚಿಟ್ಟ ಮಾತ್ರಕ್ಕೆ ಸುದ್ದಿಯು ರೋಗಿಯನ್ನು ತಲುಪುವುದಿಲ್ಲವೆಂಬುದು ಭ್ರಮೆ. ಸೊಸೆಯ ಕೆಂಪಾದ ಕಣ್ಣು, ನಡುವೆಯೇ ನಿಂತ ಮಾತು, ಗೋಡೆಯ ಮೇಲಿನ ಫಲಕ ಇವೆಲ್ಲ ಹೇಳುತ್ತವೆ. ವ್ಯತ್ಯಾಸವೇನೆಂದರೆ, ನಾವು ಹೇಳಿದರೆ ಅವನು ನಮ್ಮ ಜೊತೆಗೆ ಕೇಳುತ್ತಾನೆ. ನಾವು ಹೇಳದಿದ್ದರೆ ಒಂಟಿಯಾಗಿ ತಿಳಿಯುತ್ತಾನೆ. ನನ್ನ ಕಾಕಾ ಐದು ವಾರ ಆ ಚಿಕಿತ್ಸೆಯನ್ನು ಒಂಟಿಯಾಗಿ ಸಹಿಸಿದರು. ಬಿಸಿತುಪ್ಪವನ್ನು ನುಂಗಲಾರದೆ ಉಗುಳಲಾರದೆ ನಾವು ಒಂದು ಕಡೆ ಇದ್ದೆವು, ಅವರು ಇನ್ನೊಂದು ಕಡೆ ಇದ್ದರು. ನಡುವೆ ಒಂದು ಮಂಚ.

ಎರಡನೆಯ ಮಾತು: ನಮ್ಮಲ್ಲಿ ವ್ಯಕ್ತಿ ಒಬ್ಬಂಟಿಯಲ್ಲ, ಮನೆಯೇ ನಿರ್ಧರಿಸುವುದು ರೂಢಿ, ‘ನೀವೇ ನೋಡಿಕೊಳ್ಳಿರಿ’ ಎಂದು ಹಿರಿಯರೇ ಹೇಳುತ್ತಾರೆ. ಈ ರೂಢಿಯನ್ನು ನಾನು ಹೀಗಳೆಯುವುದಿಲ್ಲ. ಎಷ್ಟೋ ಜನರಿಗೆ ಅದು ಆಸರೆ. ಆದರೆ ‘ನೀವೇ ನೋಡಿಕೊಳ್ಳಿರಿ’ ಎನ್ನುವುದೂ ಹಿರಿಯರ ನಿರ್ಧಾರವೇ ಆಗಿದೆ; ಅದನ್ನು ಅವರು ಹೇಳಬೇಕು, ನಾವು ಅವರ ಪರವಾಗಿ ಊಹಿಸಬಾರದು. “ಎಷ್ಟು ತಿಳಿಯಬೇಕೆಂದು ನಿಮ್ಮ ಇಚ್ಛೆ?” ಎಂಬ ಒಂದು ಪ್ರಶ್ನೆಯನ್ನು ಕೇಳುವುದಕ್ಕೆ ಯಾವ ಸಂಪ್ರದಾಯವೂ ಅಡ್ಡಬರುವುದಿಲ್ಲ. ಬೇಡವೆಂದರೆ ನಮ್ಮ ಮೌನವು ಆಜ್ಞಾಪಾಲನೆ. ಕೇಳದೆಯೇ ಮುಚ್ಚಿಟ್ಟರೆ, ಅವರದನ್ನು ಅವರಿಗೆ ತಿಳಿಯದಂತೆ ಇಟ್ಟುಕೊಂಡ ಹಾಗೆ. ಅದಕ್ಕೆ ಲೋಕದಲ್ಲಿ ಬೇರೆ ಹೆಸರಿದೆ.

ದೇಶದ ಕಾನೂನೂ ಇದನ್ನೇ ಹೇಳಿದೆ. ಸಮೀರಾ ಕೊಹ್ಲಿ ಎಂಬವರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ಕೊಟ್ಟ ತೀರ್ಪು ನಮ್ಮ ವಿಷಯಕ್ಕೆ ಬಹು ಹತ್ತಿರದ್ದು. ಆ ಮಹಿಳೆಯು ಒಪ್ಪಿದ್ದು ಮುಖ್ಯವಾಗಿ ದುರ್ಬೀನಿನ ಪರೀಕ್ಷೆಗೆ. ಅವರು ಅರಿವಳಿಕೆಯಲ್ಲಿದ್ದಾಗ, ಹೊರಗೆ ಕಾಯುತ್ತಿದ್ದ ತಾಯಿಯ ಒಪ್ಪಿಗೆ ಪಡೆದು ದೊಡ್ಡ ಶಸ್ತ್ರಕ್ರಿಯೆಯನ್ನೇ ಮಾಡಲಾಯಿತು. ಪ್ರಾಣಾಪಾಯದ ತುರ್ತು ಇಲ್ಲದಿದ್ದಾಗ, ವಯಸ್ಕಳಾದ ವಿವೇಕಿಯ ಬದಲಿಗೆ ತಾಯಿಯು ಒಪ್ಪಿದರೂ ಅದು ಒಪ್ಪಿಗೆಯಾಗದು, ಒಂದಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಸಲ್ಲದು ಎಂದು ನ್ಯಾಯಾಲಯವು ಹೇಳಿತು. ಹೆತ್ತ ತಾಯಿಗೇ ಇಲ್ಲದ ಅಧಿಕಾರವು ವರದಿಯನ್ನು ಓದಬಲ್ಲ ಅಣ್ಣನ ಮಗನಿಗೆ ಎಲ್ಲಿಂದ ಬರಬೇಕು?

ಮೂರನೆಯ ಮಾತೇ ನನ್ನನ್ನು ಮೋಸಗೊಳಿಸಿದ್ದು: 'ಗಾಯವೇ ಚಿಕ್ಕದು, ಅಷ್ಟಕ್ಕೆ ಇಷ್ಟೆಲ್ಲ ಹೇಳುವುದೇಕೆ?' ಹಿಂದಿನ ಕಾಲದ ದೊಡ್ಡ ಗಾಯಕ್ಕೆ ಒಂದು ಗುಣವಿತ್ತು: ಅದು ಸುಳ್ಳು ಹೇಳುತ್ತಿರಲಿಲ್ಲ. ಬೆನ್ನಿನಿಂದ ಎದೆಯವರೆಗೆ ಹಾಯ್ದ ಹೊಲಿಗೆಯನ್ನು ನೋಡಿದ ರೋಗಿಗೆ, ತನ್ನ ಒಡಲಲ್ಲಿ ದೊಡ್ಡದೇನೋ ನಡೆದಿದೆಯೆಂದು ಯಾರೂ ಹೇಳಬೇಕಾಗಿರಲಿಲ್ಲ. ಮನೆಯವರು ಮುಚ್ಚಿಟ್ಟರೂ ಗಾಯವು ಸಾಕ್ಷಿ ನುಡಿಯುತ್ತಿತ್ತು. ಕಿರುಗಾಯವು ಮಾತಾಡುವುದಿಲ್ಲ. ಒಳಗೆ ಎಷ್ಟು ದೊಡ್ಡ ಬದಲಾವಣೆಯಾಗಿದ್ದರೂ ಹೊರಗೆ ನಾಲ್ಕಾರು ಚುಕ್ಕೆಗಳು ಮಾತ್ರ. ಆದುದರಿಂದ ಗಾಯವು ಆಡದೆ ಬಿಟ್ಟ ಮಾತನ್ನು ಮನುಷ್ಯನೇ ಆಡಬೇಕಾಗುತ್ತದೆ. ಗಾಯವು ಕಿರಿದಾದಂತೆ ಹೇಳುವ ಹೊಣೆಯು ಕಿರಿದಾಗುವುದಿಲ್ಲ, ಹಿರಿದಾಗುತ್ತದೆ. ಈ ಒಂದು ಮಾತನ್ನು ತಿಳಿಯಲು ನನಗೆ ಕಾಕಾನ ಒಂದು ತಿಂಗಳಿನ ದಿಗಿಲು ಬೇಕಾಯಿತು.

ಇದಕ್ಕೆ ಸೇರಿದ ಇನ್ನೊಂದು ವಿಷಯ. ಕಿರುಗಾಯದ ಶಸ್ತ್ರಕ್ರಿಯೆಯು ಇಂದು ಒಂದು ಪ್ರತಿಷ್ಠೆಯೂ ಆಗತೊಡಗಿದೆ. ದುರ್ಬೀನಿನಿಂದಲೇ ಆಗಬೇಕು, ಯಂತ್ರಮಾನವನ ಕೈಯಿಂದಲೇ ಆಗಬೇಕು ಎಂದು ಹಟ ಹಿಡಿಯುವವರಿದ್ದಾರೆ. ಅನ್ನನಾಳದ ಶಸ್ತ್ರಕ್ರಿಯೆಯು ಅಭ್ಯಾಸದಿಂದ ಕೈಗೆ ಬರುವ ವಿದ್ಯೆ. ಆದುದರಿಂದ ‘ಎಷ್ಟು ಸಣ್ಣ ಗಾಯ?’ ಎಂದು ಕೇಳುವ ಮೊದಲು, ‘ಇಂತಹ ಶಸ್ತ್ರಕ್ರಿಯೆಗಳನ್ನು ನೀವು ಎಷ್ಟು ಮಾಡಿದ್ದೀರಿ? ಅದಾದ ಮೇಲೆ ಜೀವನ ಹೇಗಿರುತ್ತದೆ? ಮಾಡದಿದ್ದರೆ ಬೇರೆ ಏನು ದಾರಿಯಿದೆ?’ ಎಂದು ಕೇಳಬೇಕು. ನುರಿತ ಕೈಯ ದೊಡ್ಡ ಗಾಯವು ನುರಿಯದ ಕೈಯ ಚಿಕ್ಕ ಗಾಯಕ್ಕಿಂತ ಲೇಸು. ಕಿರುಗಾಯದಿಂದ ಆರಂಭಿಸಿದ ವೈದ್ಯರು ನಡುವೆ ಅಪಾಯವನ್ನು ಕಂಡು ಎದೆಯನ್ನು ತೆರೆದರೆ ಅದು ಸೋಲಲ್ಲ, ವಿವೇಕ. ರೋಗವು ಶಸ್ತ್ರಕ್ರಿಯೆಯ ಹಂತವನ್ನು ಮೀರಿದ್ದರೆ, ನಾಳದೊಳಗೆ ಜಾಲರಿಯ ಕೊಳವೆಯೊಂದನ್ನು ಕೂಡ್ರಿಸಿ ನುಂಗುವ ಸುಖವನ್ನಾದರೂ ಮರಳಿ ಕೊಡುವ ಉಪಾಯವುಂಟು. ಯಾವ ದಾರಿ ಹಿಡಿಯಬೇಕೆಂಬುದು, ಉಣ್ಣುವವನನ್ನು ಕೇಳಿ ನಿರ್ಧರಿಸಬೇಕಾದ ಮಾತು.

ಸತ್ಯವನ್ನು ಮುಚ್ಚಿಡುವ ದೋಷವು ಮನೆಯವರದಷ್ಟೇ ಅಲ್ಲ, ರೋಗಿಯದೂ ಹೌದು. ಕಾಕಾ ನಾಲ್ಕು ತಿಂಗಳು ಪಿತ್ತವೆಂದು ಮುಚ್ಚಿಟ್ಟರು. ಆ ನಾಲ್ಕು ತಿಂಗಳು ಅಮೂಲ್ಯವಾಗಿದ್ದವು. ಗಟ್ಟಿ ಪದಾರ್ಥ ನುಂಗುವುದು ಕಷ್ಟವಾಗಿ ಎರಡು ವಾರ ಕಳೆದರೂ ಸರಿಹೋಗದಿದ್ದರೆ, ಮೈತೂಕ ಇಳಿಯುತ್ತಿದ್ದರೆ, ಸಂಕೋಚವನ್ನು ಬದಿಗಿಟ್ಟು ದುರ್ಬೀನಿನ ಪರೀಕ್ಷೆಯನ್ನು ಮಾಡಿಸಬೇಕು. ದವಡೆಯ ತಂಬಾಕನ್ನು ಇಂದೇ ಉಗುಳಬೇಕು.

ಆ ದಾರಿಯ ಮಾತುಕತೆಯ ಮೇಲೆ ಕಾಕಾನ ದಿಗಿಲು ಹೋಯಿತು. ಹೊಟ್ಟೆ ಎಲ್ಲಿದೆಯೆಂದು ತಿಳಿದ ಮೇಲೆ, ಅದಕ್ಕೆ ಎಷ್ಟು ಹಿಡಿಯುತ್ತದೆಂಬುದನ್ನು ಅವರೇ ಅಳೆದುಕೊಂಡರು. ದಿನಕ್ಕೆ ಆರು ಸಲ ಚಿಕ್ಕ ಬಟ್ಟಲಿನಲ್ಲಿ ಉಂಡರು. ದಿಂಬುಗಳನ್ನು ಏರಿಸಿ ಮಲಗಿದರು. ಮಗ್ಗದ ಮನೆಗೆ ಹೋಗಿ ಕುಳಿತು ನೂಲಿನ ಲೆಕ್ಕ ನೋಡಿದರು. ಜಾತ್ರೆಗೆ ಬಂದು ದಾಸೋಹದ ಪಂಕ್ತಿಯ ಕೊನೆಗೆ ಕುಳಿತು, ಒಂದು ಹಿಡಿ ಪ್ರಸಾದವನ್ನು ಅರ್ಧ ತಾಸು ಅಗಿದು ಉಂಡರು. ಎಲ್ಲರಿಗಿಂತ ಮೊದಲು ಏಳುತ್ತಿದ್ದವರು ಆಗ ಎಲ್ಲರಿಗಿಂತ ಕೊನೆಗೆ ಎದ್ದರು.

2024ರಲ್ಲಿ ರೋಗವು ಮರಳಿತು. ಈ ಸಲ ವರದಿಯು ಬಂದಾಗ ನಾನು ಅದನ್ನು ಅವರ ಎದುರಿಗೇ ಒಡೆದು, ಒಂದೊಂದು ಸಾಲನ್ನೂ ಕನ್ನಡಕ್ಕೆ ತಿರುಗಿಸುತ್ತ ಓದಿದೆ. ನನ್ನ ಧ್ವನಿ ನಡುಗಿತು, ಅವರದು ನಡುಗಲಿಲ್ಲ. ಇನ್ನು ಊರು ಬಿಟ್ಟು ಹೋಗುವುದು ಬೇಡವೆಂದು ಅವರೇ ನಿರ್ಧರಿಸಿದರು. ಒಬ್ಬರಿಗೆ ಕೊಡಬೇಕಾಗಿದ್ದ ನೂಲಿನ ಬಾಕಿಯನ್ನು ತೀರಿಸಿದರು. ಮಗ್ಗವನ್ನು ಕಿರಿಯ ಮಗನಿಗೆ ಒಪ್ಪಿಸಿದರು. ಬಹಳ ವರ್ಷ ಮಾತು ಬಿಟ್ಟಿದ್ದ ತಂಗಿಯನ್ನು ಕರೆಸಿಕೊಂಡರು. ಮೊದಲನೆಯ ಸಲ ನಾನು ಕಸಿದುಕೊಂಡದ್ದು ಇಂತಹ ಅವಕಾಶವನ್ನೇ. ಅಂದು ಶಸ್ತ್ರಕ್ರಿಯೆಯಲ್ಲಿ ಅವರು ಅಳಿದಿದ್ದರೆ, ನೂಲಿನ ಸಾಲವೂ ತಂಗಿಯ ಮುನಿಸೂ ಉಳಿದೇ ಹೋಗುತ್ತಿದ್ದವು.

ಮಠದ ಅನ್ನವನ್ನುಂಡು ಕಲಿತವರು ಇಂದು ಈ ನಾಲ್ಕು ತಾಲೂಕುಗಳ ಮನೆಮನೆಯಲ್ಲಿಯೂ ಇದ್ದೀರಿ. ನಿಮ್ಮ ಮನೆಗೂ ಒಂದು ದಿನ ಅಂತಹ ಲಕೋಟೆ ಬರುತ್ತದೆ. ಇಂಗ್ಲೀಷು ಬಲ್ಲವರೆಂದು ಅದನ್ನು ನಿಮ್ಮ ಕೈಗೇ ಕೊಡುತ್ತಾರೆ. ವಿದ್ಯೆಯು ನಮಗೆ ದಾಸೋಹದಿಂದ ಬಂದುದು. ಆ ವಿದ್ಯೆಯಿಂದ ಓದಿದ್ದನ್ನು, ಅದು ಯಾರದೋ ಅವರಿಗೆ, ಅವರು ಬಯಸಿದಷ್ಟು, ಅವರ ಮಾತಿನಲ್ಲಿಯೇ, ಪಕ್ಕದಲ್ಲಿ ಕುಳಿತು ಹೇಳಿರಿ. ಹೇಳುವಾಗ ಅವರ ಕೈಯನ್ನು ಹಿಡಿದುಕೊಂಡಿರಿ.